ಗಾಳಿಪಟದ ದಾರ, ಹಕ್ಕಿಯ ರೆಕ್ಕೆ

(ಪದುವಾದ ಸಂತ ಅಂತೋಣಿಯವರ ಹಬ್ಬ, ಜೂನ್ 13 - ಹಬ್ಬದ ಬಲಿಪೂಜೆಯ ಪ್ರಬೋಧನೆ)



ನವದಿನಗಳ ಪ್ರಾರ್ಥನೆ ಮುಗಿಸಿ ಇಂದು ನಾವು ಸಂತ ಅಂತೋಣಿಯವರ ಹಬ್ಬಕ್ಕೆ ಸೇರಿದ್ದೇವೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಿಂದ ಮಕ್ಕಳು ಮರಿಗಳೊಂದಿಗೆ ಬಂದಿದ್ದೀರಿ.

ಬೀಗದ ಕೈ ಕಳೆದರೂ ಸರಿ, ಕಿವಿಯೋಲೆ ಕಳೆದರೂ ಸರಿ, ನಾವು ಮೊದಲು ನೆನೆಯುವುದು ಸಂತ ಅಂತೋಣಿಯವರನ್ನೇ. ಇಂದು ಅವರ ಬಳಿ ಬೇರೊಂದನ್ನು ಹುಡುಕಿಕೊಡಿ ಎಂದು ಕೇಳೋಣ. ಯಾರಿಗೂ ನೋವು ಮಾಡದ ಸಂತೋಷ ನಮ್ಮ ಮಕ್ಕಳ ಕೈಯಿಂದ ಮೆಲ್ಲಗೆ ಜಾರಿಹೋಗುತ್ತಿದೆ. ಅದನ್ನು ಹುಡುಕಿಕೊಡಿ ಎಂದು ಕೇಳೋಣ.

ನಮ್ಮದು ಗಾಳಿಯ ನಾಡು. ಮಳೆ ಬಾರದ ವರ್ಷವೂ ಗಾಳಿ ಬಾರದೆ ಇರದು. ಜೋಗಿಮಟ್ಟಿಯ ಕಡೆಯ ಗುಡ್ಡಗಳ ಮೇಲೆ ತಿರುಗುವ ಗಾಳಿಯಂತ್ರಗಳೇ ಇದಕ್ಕೆ ಸಾಕ್ಷಿ. ಜೂನ್ ತಿಂಗಳಲ್ಲಿ ಬೀಸತೊಡಗುವ ಈ ಗಾಳಿ ಆಷಾಢಕ್ಕೆ ಭರ್ರೆನ್ನುತ್ತದೆ. ಆಗ ಊರ ತುಂಬ ಗಾಳಿಪಟ. ಬಿದಿರು ಕಡ್ಡಿ ಸೀಳಿ, ಬಣ್ಣದ ಕಾಗದಕ್ಕೆ ಅನ್ನದ ಅಂಟು ಹಚ್ಚಿ, ಅಮ್ಮನ ಹಳೆಯ ಸೀರೆಯ ಅಂಚು ಹರಿದು ಬಾಲಂಗೋಚಿ ಕಟ್ಟುವ ಮಗುವಿನ ಮುಖವನ್ನು ನೋಡಿದ್ದೀರಾ? ಪಟ ಮೇಲೇರಿದಾಗ ಮನೆಯ ತಾತನೂ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತಾನೆ. ದೊಡ್ಡಬಳ್ಳಾಪುರದಲ್ಲಂತೂ ಆಷಾಢದ ಗಾಳಿಪಟ ಸ್ಪರ್ಧೆಗೆ ದೊಡ್ಡವರೇ ಮುಂದೆ ನಿಲ್ಲುತ್ತಾರೆ. ಮಕ್ಕಳೇ, ಈ ಆಟ ಒಳ್ಳೆಯದು. ದೇವರು ಕೊಟ್ಟ ಗಾಳಿಯಲ್ಲಿ ಆಡುವುದನ್ನು ಕಂಡು ದೇವರು ಸಂತೋಷಪಡುತ್ತಾರೆ.

ಪಟದಲ್ಲಿ ಒಂದು ಪಾಠವೂ ಇದೆ. ಸೂತ್ರ ಸರಿಯಿಲ್ಲದಿದ್ದರೆ ಪಟ ಗಿರಗಿರನೆ ಸುತ್ತಿ ನೆಲಕ್ಕೆ ಬೀಳುತ್ತದೆ. ಬಾಲಂಗೋಚಿ ಭಾರವೆನಿಸಿದರೂ ಅದೇ ಪಟವನ್ನು ನೆಟ್ಟಗೆ ನಿಲ್ಲಿಸುತ್ತದೆ. ದಾರ ಹರಿದ ಪಟಕ್ಕೆ ಸ್ವಾತಂತ್ರ್ಯ ಸಿಕ್ಕಂತೆ ಕಾಣುತ್ತದೆ. ಸ್ವಲ್ಪ ಹೊತ್ತಿಗೆ ಅದು ಜಾಲಿಮರದ ಮುಳ್ಳಿನಲ್ಲಿರುತ್ತದೆ. ಮನೆಯ ಕಟ್ಟುಪಾಡು, ಪ್ರಾರ್ಥನೆ, ದಯೆ ಇವು ನಮ್ಮ ಬಾಳಿನ ಸೂತ್ರ ಮತ್ತು ಬಾಲಂಗೋಚಿ.

ಆದರೆ ಪ್ರಿಯರೇ, ಇಂದು ನಾನು ಹೆಚ್ಚಾಗಿ ಹೇಳಬೇಕಾಗಿರುವುದು ದಾರದ ವಿಷಯ. ಮೊದಲು ಮಕ್ಕಳು ಹತ್ತಿಯ ನೂಲು ಕಟ್ಟುತ್ತಿದ್ದರು. ಈಗ ನೈಲಾನ್ ಮಾಂಜಾ ಬಂದಿದೆ. ಎದುರಿನವನ ಪಟ ಕತ್ತರಿಸಲೆಂದು ಅದಕ್ಕೆ ಗಾಜಿನ ಪುಡಿ ಬಳಿದಿರುತ್ತಾರೆ. ಹತ್ತಿಯ ದಾರ ಮಳೆಗೆ ನೆನೆದು ಕೊಳೆತು ಹೋಗುತ್ತದೆ. ನೈಲಾನ್ ಕೊಳೆಯುವುದಿಲ್ಲ. ಆಟ ಮುಗಿದು ತಿಂಗಳುಗಳಾದರೂ ಮರದ ಕೊಂಬೆಯಲ್ಲಿ, ಕರೆಂಟು ತಂತಿಯಲ್ಲಿ ಕಣ್ಣಿಗೆ ಕಾಣದಂತೆ ನೇತಾಡುತ್ತಿರುತ್ತದೆ.

ನಮ್ಮ ಮಕ್ಕಳು ಶಾಲೆ ಬಿಟ್ಟು ಬಂದು ಪಟ ಹಾರಿಸುವುದು ಸಂಜೆ. ಬೆಳ್ಳಕ್ಕಿ, ಗಿಳಿ, ಕಾಗೆಗಳು ಹೊಲದಿಂದ, ಕೆರೆಯಿಂದ ಗೂಡಿಗೆ ಮರಳುವುದೂ ಅದೇ ಹೊತ್ತು. ಹಾರುವ ಹಕ್ಕಿಗೆ ಆ ಸಣ್ಣ ದಾರ ಕಾಣುವುದಿಲ್ಲ. ರೆಕ್ಕೆ ಸಿಕ್ಕಿಕೊಳ್ಳುತ್ತದೆ. ಬಿಡಿಸಿಕೊಳ್ಳಲು ಒದ್ದಾಡಿದಷ್ಟೂ ದಾರ ಬಿಗಿಯಾಗಿ ಮಾಂಸವನ್ನು ಕೊಯ್ಯುತ್ತದೆ. ಮರದಲ್ಲಿ ತಲೆಕೆಳಗಾಗಿ ನೇತಾಡುತ್ತಾ ಹಸಿವಿನಿಂದ ಸಾಯುವ ಹಕ್ಕಿಗಳಿವೆ. ಗೂಡಿನಲ್ಲಿ ಮರಿಗಳಿದ್ದರೆ ಅವುಗಳ ಗತಿಯೇನು? ಹಕ್ಕಿಗಳು ಮಾತ್ರವಲ್ಲ. ಅಪ್ಪ ಬೈಕಿನ ಮುಂದೆ ಮಗುವನ್ನು ಕೂರಿಸಿಕೊಂಡು ಹೋಗುವಾಗ ರಸ್ತೆಗೆ ಅಡ್ಡಲಾಗಿ ಇಂಥ ದಾರ ಬಿದ್ದಿದ್ದರೆ ಅದು ತಗಲುವುದು ಮಗುವಿನ ಕುತ್ತಿಗೆಗೆ. ಹೀಗೆ ಗಂಟಲು ಕೊಯ್ದು ಜೀವ ಹೋದ ಸುದ್ದಿಯನ್ನು ನಮ್ಮ ದೇಶದ ಅನೇಕ ಊರುಗಳಿಂದ ಪತ್ರಿಕೆಗಳಲ್ಲಿ ಓದಿದ್ದೇವೆ.

ಈ ಕಾರಣಕ್ಕಾಗಿಯೇ 2017ರ ಜುಲೈ 11ರಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ನೈಲಾನ್ ಮಾಂಜಾದ ತಯಾರಿಕೆ, ಮಾರಾಟ, ಬಳಕೆಯನ್ನು ದೇಶದಾದ್ಯಂತ ನಿಷೇಧಿಸಿತು. 1960ರಿಂದಲೇ ಪ್ರಾಣಿಹಿಂಸೆ ತಡೆಯುವ ಕಾನೂನೂ ನಮ್ಮಲ್ಲಿದೆ. ಆದರೆ ವಿಶ್ವಾಸಿಗಳಾದ ನಮಗೆ ಕಾನೂನಿಗಿಂತ ಮೊದಲೇ ದೇವರ ವಾಕ್ಯ ಇದನ್ನು ಕಲಿಸಿದೆ.

ಪವಿತ್ರ ಬೈಬಲನ್ನು ತೆರೆದು ನೋಡಿ. ವೈರಿಯ ಕತ್ತೆ ಹೊರೆಯ ಕೆಳಗೆ ಬಿದ್ದಿದ್ದರೂ ಕೈಕೊಟ್ಟು ಎಬ್ಬಿಸಬೇಕೆಂದು ವಿಮೋಚನಕಾಂಡ ಹೇಳುತ್ತದೆ. ಸಬ್ಬತ್ ದಿನದ ವಿಶ್ರಾಂತಿ ಎತ್ತು-ಕತ್ತೆಗಳಿಗೂ ಸಲ್ಲಬೇಕು. ಗೂಡಿನಲ್ಲಿ ಮರಿಗಳೊಂದಿಗೆ ಕೂತ ತಾಯಿಹಕ್ಕಿಯನ್ನು ಹಿಡಿಯಬಾರದೆಂಬ ಆಜ್ಞೆ ಧರ್ಮೋಪದೇಶಕಾಂಡದಲ್ಲಿದೆ. ನೀತಿವಂತನು ತನ್ನ ದನಕರುಗಳ ಜೀವವನ್ನೂ ಲಕ್ಷಿಸುತ್ತಾನೆ ಎಂಬುದು ಜ್ಞಾನೋಕ್ತಿಯ ಮಾತು. ಇನ್ನು ಯೇಸುಸ್ವಾಮಿ? ಪೇಟೆಯಲ್ಲಿ ಪುಡಿಗಾಸಿಗೆ ಮಾರುವ ಗುಬ್ಬಚ್ಚಿಗಳಲ್ಲಿ ಒಂದನ್ನೂ ತಂದೆಯಾದ ದೇವರು ಮರೆತಿಲ್ಲವೆಂದು ಅವರು ಕಲಿಸಿದರು. ದೇವರು ಲೆಕ್ಕಕ್ಕೆ ಇಟ್ಟುಕೊಂಡ ಗುಬ್ಬಿಯನ್ನು ನಾವು ಆಟಕ್ಕಾಗಿ ಕೊಲ್ಲಬಹುದೇ?

ಇಂದಿನ ನಮ್ಮ ಸಂತರ ಬಾಳನ್ನೂ ನೋಡೋಣ. ಲಿಸ್ಬನ್ನಿನಲ್ಲಿ ಹುಟ್ಟಿದ ಅಂತೋಣಿಯವರು ಅಸ್ಸಿಸಿಯ ಸಂತ ಫ್ರಾನ್ಸಿಸರ ಸಭೆಯನ್ನು ಸೇರಿ, 1231ರ ಜೂನ್ 13ರಂದು ದೈವಾಧೀನರಾದರು. ಮರುವರ್ಷವೇ ಧರ್ಮಸಭೆ ಅವರನ್ನು ಸಂತರೆಂದು ಸಾರಿತು. ರಿಮಿನಿಯ ಜನ ಕಿವಿಗೊಡದೆ ಹೋದಾಗ ಅವರು ನೀರಿನ ದಡಕ್ಕೆ ಹೋಗಿ ಬೋಧಿಸಿದರೆಂದೂ ಮೀನುಗಳು ತಲೆಯೆತ್ತಿ ಕೇಳಿದವೆಂದೂ ಪರಂಪರೆ ಹೇಳುತ್ತದೆ. ಹಸಿದ ಹೇಸರಗತ್ತೆಯೊಂದು ಮುಂದಿಟ್ಟ ಮೇವನ್ನು ಬಿಟ್ಟು ಪರಮಪ್ರಸಾದದ ಮುಂದೆ ಮೊಣಕಾಲೂರಿದ ಕಥೆಯನ್ನು ನಿಮ್ಮ ಅಜ್ಜಿಯಂದಿರು ಹೇಳಿರುತ್ತಾರೆ. ಮೂಕಪ್ರಾಣಿಯೂ ತನ್ನ ಸೃಷ್ಟಿಕರ್ತರನ್ನು ಬಲ್ಲದು ಎಂಬುದೇ ಆ ಕಥೆಗಳ ತಿರುಳು.

ದೂರದ ಕಥೆಗಳು ಬೇಡವೆಂದರೆ ನಮ್ಮ ಸುತ್ತಲೇ ನೋಡಿ. ಈ ಹಬ್ಬದ ಆಸುಪಾಸಿನಲ್ಲೇ ಕಾರಹುಣ್ಣಿಮೆ ಬರುತ್ತದೆ. ರೈತರು ಎತ್ತುಗಳ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಗೆಜ್ಜೆ ಕಟ್ಟಿ ಉಣಬಡಿಸುತ್ತಾರೆ. ಚಳ್ಳಕೆರೆ, ಮೊಳಕಾಲ್ಮುರು ಸೀಮೆಯ ಮ್ಯಾಸಬೇಡ ಬಂಧುಗಳು ದೇವರ ಎತ್ತುಗಳನ್ನು ಸಾಕುತ್ತಾರೆ. ಅವುಗಳಿಗೆ ನೊಗ ಹೂಡುವುದಿಲ್ಲ, ಅವುಗಳನ್ನು ಮಾರುವುದಿಲ್ಲ. ಬರಗಾಲದಲ್ಲಿ ತಮ್ಮ ಹೊಟ್ಟೆ ಕಟ್ಟಿಯಾದರೂ ಕಿಲಾರಿಗಳು ಅವುಗಳಿಗೆ ಮೇವು ಹುಡುಕುತ್ತಾರೆ. ನಮ್ಮ ವಿಶ್ವಾಸ ಬೇರೆಯಾದರೂ ಈ ಕರುಣೆಯ ಮುಂದೆ ನಾವು ತಲೆಬಾಗಬೇಕು.

"ಫಾದರ್, ಮನುಷ್ಯರಿಗೇ ಕುಡಿಯಲು ನೀರಿಲ್ಲ, ಹಕ್ಕಿಯ ಮಾತೇಕೆ?" ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಮನುಷ್ಯನಿಗೆ ಸಲ್ಲಬೇಕಾದ ಪ್ರೀತಿಯನ್ನು ಪ್ರಾಣಿಗೆ ಕೊಡಬಾರದೆಂದು ಧರ್ಮಸಭೆಯ ಧರ್ಮೋಪದೇಶ ಗ್ರಂಥವೂ ಹೇಳುತ್ತದೆ. ಅದೇ ಪುಟದಲ್ಲಿ, ಪ್ರಾಣಿಗಳನ್ನು ವಿನಾಕಾರಣ ನೋಯಿಸುವುದು ಮನುಷ್ಯನ ಘನತೆಗೇ ವಿರುದ್ಧ ಎಂದೂ ಹೇಳಿದೆ. 2015ರಲ್ಲಿ ಪೋಪ್ ಫ್ರಾನ್ಸಿಸರು 'ಲೌದಾತೊ ಸಿ' ವಿಶ್ವಪತ್ರದಲ್ಲಿ ಕಲಿಸಿದ್ದೂ ಇದನ್ನೇ: ಬಡವರ ಗೋಳು, ಭೂಮಿಯ ಗೋಳು ಎರಡನ್ನೂ ಒಟ್ಟಿಗೆ ಕೇಳಿಸಿಕೊಳ್ಳಬೇಕು. ಹಕ್ಕಿಯ ಒದ್ದಾಟ ನೋಡಿ ನಗುವ ಹುಡುಗ ನಾಳೆ ತಮ್ಮನ ಕಣ್ಣೀರು ನೋಡಿ ಕರಗುವನೇ? ನಾಯಿಮರಿಗೆ ಒಂದು ಬಟ್ಟಲು ನೀರಿಡುವ ಕೈ ಬಾಗಿಲಿಗೆ ಬಂದ ಬಡವನಿಗೂ ಅನ್ನ ನೀಡುತ್ತದೆ. ಹೃದಯ ಒಂದೇ ಅಲ್ಲವೇ?

ಆದ್ದರಿಂದ ಪ್ರಿಯರೇ, ಈ ಹಬ್ಬದ ದಿನ ಪ್ರತಿಯೊಂದು ಕುಟುಂಬವೂ ಕೆಲವು ನಿರ್ಧಾರಗಳನ್ನು ಮಾಡಲಿ. ಮಕ್ಕಳೇ, ನಿಮ್ಮ ಪಟಕ್ಕೆ ಬರಿಯ ಹತ್ತಿಯ ದಾರವೇ ಇರಲಿ. ಕತ್ತರಿಸಿ ಗೆಲ್ಲುವುದು ಬೇಡ. ಯಾರ ಪಟ ಎತ್ತರಕ್ಕೆ ಹೋಗುತ್ತದೆ, ಯಾರದು ಹೆಚ್ಚು ಹೊತ್ತು ನಿಲ್ಲುತ್ತದೆ ಎಂದು ಸ್ಪರ್ಧಿಸಿ. ಹಕ್ಕಿಗಳು ಗೂಡಿಗೆ ಮರಳುವ ಮೊದಲೇ ಪಟ ಇಳಿಸಿ. ಕರೆಂಟು ತಂತಿಯ ಹತ್ತಿರ ಹೋಗಬೇಡಿ. ಆಟ ಮುಗಿದ ಮೇಲೆ ಬಿದ್ದ ದಾರವನ್ನು ಆಯ್ದು ಸುತ್ತಿಡಿ. ತಂದೆ-ತಾಯಂದಿರೇ, ಮಗ ಹಟ ಮಾಡಿದನೆಂದು ಮಾಂಜಾ ಕೊಡಿಸಬೇಡಿ. ಅಂಗಡಿಯವರಲ್ಲೂ ಮಾರಬೇಡಿರೆಂದು ಹೇಳಿ. ಗಾಯಗೊಂಡ ಹಕ್ಕಿ ಸಿಕ್ಕರೆ ದಾರವನ್ನು ಎಳೆಯದೆ ಕತ್ತರಿಸಿ, ಗಾಳಿಯಾಡುವ ರಟ್ಟಿನ ಡಬ್ಬಿಯಲ್ಲಿಟ್ಟು ಪಶು ಆಸ್ಪತ್ರೆಗೆ ಒಯ್ಯಿರಿ. ದನಕರುಗಳಿಗೆ ಕಾಯಿಲೆಯಾದರೆ 1962ಕ್ಕೆ ಫೋನು ಮಾಡಿದರೆ ಪಶುವೈದ್ಯರ ವಾಹನದ ನೆರವು ಸಿಗುತ್ತದೆ. ಬೇಸಗೆಯಲ್ಲಿ ಮನೆಯ ಮಾಳಿಗೆಯ ಮೇಲೆ ಮಣ್ಣಿನ ತಟ್ಟೆಯಲ್ಲಿ ನೀರಿಡಿ.

ಯುವಕರಲ್ಲಿ ನನ್ನದೊಂದು ವಿಶೇಷ ಕೋರಿಕೆ. ಬಲಿಪೂಜೆಯ ನಂತರ ಚರ್ಚಿನ ಆವರಣದ ಮರಗಳಲ್ಲಿ ಸಿಕ್ಕಿರುವ ಹಳೆಯ ದಾರವನ್ನೆಲ್ಲಾ ತೆಗೆಯೋಣ. ತೇರಿಗೆ ಹೂ ಕಟ್ಟುವುದು ಸಂತರಿಗೆ ಎಷ್ಟು ಪ್ರಿಯವೋ ಇದೂ ಅಷ್ಟೇ ಪ್ರಿಯವಾದ ಸೇವೆ.

ಸಂತ ಅಂತೋಣಿಯವರ ವಿನಂತಿಯ ಮೂಲಕ ದಯಾಮಯರಾದ ದೇವರು ನಿಮ್ಮ ಮನೆಗಳನ್ನೂ ಮಕ್ಕಳನ್ನೂ, ಹಟ್ಟಿಯ ದನಕರುಗಳನ್ನೂ ಮರದ ಹಕ್ಕಿಗಳನ್ನೂ ಆಶೀರ್ವದಿಸಲಿ. ಆಮೆನ್.