ಕರಿಮಣಿಯ ತೂತು ನೋಡಿ ಕೊಳ್ಳಿ



ಚಿನ್ನ ಕೊಳ್ಳಲು ಹೋದವರು ನಾಲ್ಕು ಅಂಗಡಿ ಸುತ್ತುತ್ತಾರೆ, ದರ ಕೇಳುತ್ತಾರೆ, ಎದುರಿಗೇ ತೂಗಿಸುತ್ತಾರೆ. ಅದೇ ಚಿನ್ನದ ಗುಂಡುಗಳ ನಡುವೆ ಪೋಣಿಸಿದ ಕರಿಮಣಿಯನ್ನು ಮಾತ್ರ ಯಾರೂ ತಿರುಗಿಸಿ ನೋಡುವುದಿಲ್ಲ. ಗಾಜು ತಾನೇ ಎಂಬ ಉದಾಸೀನ. ಹಗಲೂ ರಾತ್ರಿ ಕೊರಳಲ್ಲಿರುವ ಸರ ಹರಿಯಲು ಎಷ್ಟೋ ಸಲ ಕಾರಣವಾಗುವುದು ಈ ಗಾಜೇ. ಬಸ್ಸಿನ ನೂಕುನುಗ್ಗಲಿನಲ್ಲಿ ಸರ ಹರಿದು ತಾಳಿ ಕಳೆದುಕೊಂಡ ಹೆಣ್ಣುಮಗಳಿಗೆ ಹಣದ ನಷ್ಟಕ್ಕಿಂತ ಮನಸ್ಸಿನ ಅಳುಕೇ ದೊಡ್ಡದು.

ಗಾಜು ದಾರವನ್ನು ಹೇಗೆ ಕತ್ತರಿಸುತ್ತದೆ ಎಂಬುದು ತಿಳಿಯಬೇಕಾದರೆ ಮಣಿ ಮಾಡುವ ಬಗೆ ತಿಳಿಯಬೇಕು. ದಕ್ಷಿಣ ಭಾರತಕ್ಕೆ ಇದು ಬಹು ಹಳೆಯ ಕಸುಬು. ಪುದುಚೇರಿಯ ಸಮೀಪದ ಅರಿಕಮೇಡಿನಲ್ಲಿ ಮಾರ್ಟಿಮರ್ ವೀಲರ್ 1945ರಲ್ಲಿ ಉತ್ಖನನ ನಡೆಸಿದರು. ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಅಲ್ಲಿ ಸಾಸಿವೆ, ಜೋಳದ ಕಾಳಿನಂಥ ಗಾಜಿನ ಮಣಿಗಳು ತಯಾರಾಗುತ್ತಿದ್ದವು. ಆ ಬಗೆಯ ಮಣಿಗಳು ಆಗ್ನೇಯ ಏಷ್ಯಾದ ಬಂದರುಗಳಲ್ಲೂ ಸಿಕ್ಕಿವೆ. ಕರಗಿದ ಗಾಜನ್ನು ಉದ್ದನೆಯ ಸಣ್ಣ ಕೊಳವೆಯಾಗಿ ಎಳೆಯುವುದು, ಆರಿದ ಮೇಲೆ ಅದನ್ನು ಚೂರು ಚೂರಾಗಿ ತುಂಡರಿಸುವುದು, ಆ ಚೂರುಗಳನ್ನು ಬೂದಿಯೊಡನೆ ಮತ್ತೆ ಕಾಯಿಸುವುದು ಅವರ ಕ್ರಮ. ಆಂಧ್ರದ ಪಾಪನಾಯ್ಡುಪೇಟೆಯಲ್ಲಿ ಈ ವಿಧಾನ 20ನೆಯ ಶತಮಾನದಲ್ಲೂ ಉಳಿದಿತ್ತು. ಉತ್ತರ ಪ್ರದೇಶದ ಪುರ್ದಿಲ್‌ನಗರದಲ್ಲಿ ಬೇರೆ ರೀತಿ: ಕಾದ ಗಾಜನ್ನು ಕಬ್ಬಿಣದ ಕಡ್ಡಿಗೆ ಸುತ್ತಿ ಮಣಿ ಮಾಡುತ್ತಾರೆ.

ಎಳೆದು ಮಾಡಿದ ಮಣಿಯಲ್ಲಿ ಜೀವಾಳವಿರುವುದು ಎರಡನೆಯ ಸಲ ಕಾಯಿಸುವುದರಲ್ಲಿ. ತುಂಡರಿಸಿದ ಗಾಜಿನ ಅಂಚು ಬ್ಲೇಡಿನಂತಿರುತ್ತದೆ. ಚೆನ್ನಾಗಿ ಕಾಯಿಸಿದರೆ ಆ ಅಂಚು ಕರಗಿ ದುಂಡಗಾಗುತ್ತದೆ. ಅವಸರದ ಕೆಲಸವಾದರೆ ತೂತಿನ ಬಾಯಿ ಚೂಪಾಗಿಯೇ ಉಳಿದು, ಕೊರಳು ತಿರುಗಿಸಿದಾಗಲೆಲ್ಲ ದಾರವನ್ನು ಗರಗಸದಂತೆ ಕೊಯ್ಯುತ್ತದೆ. ಹೊಳಪು ನೋಡಿದರೆ ಇದು ಗೊತ್ತಾಗುವುದಿಲ್ಲ. ಎಳೆಯನ್ನು ಬೆರಳುಗಳ ನಡುವೆ ಹಿಡಿದು ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಉಜ್ಜಿ. ಚುಚ್ಚಿದಂತಾದರೆ ಆ ಎಳೆ ಬೇಡ. ಬಿಡಿ ಮಣಿ ಸಿಕ್ಕರೆ ಅದರೊಳಗೆ ಹತ್ತಿಯ ಎಳೆಯೊಂದನ್ನು ತೂರಿಸಿ ನಾಲ್ಕು ಸಲ ಎಳೆಯಿರಿ. ಎಳೆ ಜುಂಗು ಬಿಟ್ಟರೆ ಉತ್ತರ ಸಿಕ್ಕಿತು.

ಪ್ಲಾಸ್ಟಿಕ್ಕಿನ ಕರಿಮಣಿಯೂ ಧಾರಾಳವಾಗಿ ಬಂದಿದೆ. ಕೆನ್ನೆಗೆ ತಾಗಿಸಿದರೆ ಗಾಜು ತಣ್ಣಗಿರುತ್ತದೆ, ಪ್ಲಾಸ್ಟಿಕ್ ಹಾಗಿರುವುದಿಲ್ಲ. ಕೆಲವು ಮಣಿಗಳಿಗೆ ಮೇಲೆ ಕಪ್ಪು ಬಳಿದಿರುತ್ತಾರೆ. ಒದ್ದೆ ಬಿಳಿ ಬಟ್ಟೆಯಲ್ಲಿ ತಿಕ್ಕಿದರೆ ಬಣ್ಣ ಬಿಟ್ಟೀತು. ಬಿಡದಿದ್ದರೆ ತೂತಿನೊಳಗೆ ಇಣುಕಿ. ಹೊರಗೆ ಕಪ್ಪು, ಒಳಗೆ ಬಿಳುಪು ಎಂದರೆ ಬಣ್ಣ ಮೇಲಿನದು.

ತೂತಿನ ಸಾಕ್ಷ್ಯ ಹವಳಕ್ಕೂ ನಡೆಯುತ್ತದೆ. ಕೊಡಗಿನ ಪತ್ತಾಕ್‌ನಲ್ಲಿ, ನಾಡಿನ ಅನೇಕ ಮನೆತನಗಳ ತಾಳಿಯ ಅಕ್ಕಪಕ್ಕದಲ್ಲಿ ಹವಳಕ್ಕೆ ಸ್ಥಾನವಿದೆ. ಬೆಲೆಬಾಳುವ ಕೆಂಪು ಹವಳ ಮೆಡಿಟರೇನಿಯನ್ ಸಮುದ್ರದ್ದು. ಇಟಲಿಯ ತೊರ್ರೆ ದೆಲ್ ಗ್ರೆಕೊ ಅದನ್ನು ಕೊರೆಯುವ ಕೆಲಸಕ್ಕೆ ಹೆಸರಾದ ಊರು. ಅಗ್ಗದ ಹವಳಕ್ಕೆ ಕೆಂಪು ಬಣ್ಣ ಕುಡಿಸಿ ಮಾರುವವರೂ ಇದ್ದಾರೆ. ಅಂಥದರ ತೂತಿನ ಒಳಗೆ ಬಣ್ಣ ಒಂದೆಡೆ ದಟ್ಟ, ಇನ್ನೊಂದೆಡೆ ಬಿಳಿಚಿರುವುದು ಕಂಡೀತು. ನಿಂಬೆರಸ ಹಾಕಿ ನೊರೆ ಬರುವುದೇ ನೋಡಿ ಎನ್ನುವವರ ಮಾತು ಕೇಳಬೇಡಿ. ಹವಳ ಸುಣ್ಣದ ಜಾತಿಯದು, ನಿಜವಾದದ್ದಾದರೆ ಪರೀಕ್ಷೆಯಲ್ಲೇ ಕೆಟ್ಟೀತು! ಮುತ್ತಿನ ವಿಷಯ ಇನ್ನೂ ಸುಲಭ: ನಕಲಿ ಮುತ್ತಿನ ಮೇಲ್ಪದರ ಮೊದಲು ಕಿತ್ತುಬರುವುದು ತೂತಿನ ಬಳಿಯಲ್ಲೇ.

ಇನ್ನು ತಕ್ಕಡಿಯ ಮಾತು. ಕರಿಮಣಿ ಸರವನ್ನು ಮಣಿಯ ಸಮೇತ ತೂಗಿ, ಅಷ್ಟಕ್ಕೂ ಚಿನ್ನದ ದರ ಹಾಕಿದರೆ ಗಾಜು ಚಿನ್ನದ ಬೆಲೆಗೆ ಮಾರಾಟವಾದಂತೆ. ಗುಂಡಿನೊಳಗೆ ಅರಗು ತುಂಬಿದ್ದರೆ ಅದರ ತೂಕವೂ ಸೇರಿತು. ಮಣಿ, ಅರಗು ಕಳೆದು ಉಳಿದ ನಿವ್ವಳ ಚಿನ್ನದ ತೂಕವನ್ನು ಬಿಲ್ಲಿನಲ್ಲಿ ಪ್ರತ್ಯೇಕವಾಗಿ ಬರೆಸಿಕೊಳ್ಳಿ. 2021ರ ಜೂನ್‌ನಿಂದ ಹಾಲ್‌ಮಾರ್ಕ್ ಹಂತಹಂತವಾಗಿ ಕಡ್ಡಾಯವಾಗುತ್ತ ಬಂದಿದೆ. ಬಿ.ಐ.ಎಸ್. ಚಿಹ್ನೆ, 22 ಕ್ಯಾರೆಟ್ಟಾದರೆ 916 ಎಂಬ ಅಂಕಿ, ಅಕ್ಷರವೂ ಅಂಕಿಯೂ ಬೆರೆತ ಆರು ಸ್ಥಾನಗಳ ಗುರುತು, ಈ ಮೂರೂ ಇರಬೇಕು. ಅಕ್ಷರ ಬಹಳ ಸಣ್ಣದು. ಅಂಗಡಿಯವರನ್ನು ಭೂತಗನ್ನಡಿ ಕೇಳಲು ಸಂಕೋಚ ಬೇಡ.

ಕೊನೆಗೆ ದಾರ. ಒಳ್ಳೆಯ ಮಣಿಯಲ್ಲೂ ಬೆವರು, ಸೋಪು, ಎಣ್ಣೆ ಕುಡಿದು ದಾರ ಸವೆಯುತ್ತದೆ. ಎರಡು ಮಣಿಗಳ ನಡುವೆ ದಾರ ಕಾಣುವಷ್ಟು ಸಡಿಲವಾಗಿದ್ದರೆ, ಹರಿಯುವವರೆಗೆ ಕಾಯದೆ ಪೋಣಿಸುವವರಲ್ಲಿಗೆ ಒಯ್ಯಬೇಕು. ಕೊಳ್ಳುವಾಗಲೇ ಅದೇ ಅಳತೆಯ ಹತ್ತಿಪ್ಪತ್ತು ಮಣಿ ಹೆಚ್ಚಿಗೆ ಕೇಳಿ ತೆಗೆದಿಟ್ಟುಕೊಳ್ಳಿ. ಮುಂದೆ ಅದೇ ಕಪ್ಪು, ಅದೇ ಗಾತ್ರ ಹುಡುಕುತ್ತ ಪೇಟೆಯೆಲ್ಲ ಅಲೆಯುವುದು ತಪ್ಪುತ್ತದೆ.