'ಹಾಳಾಗೋದೆ'ಯಿಂದ 'ಲಂಬೋರ್ಗಿನಿ'ವರೆಗೆ: ಕನ್ನಡ ರ‍್ಯಾಪು ಎತ್ತ ಹೊರಟಿದೆ?

(ಇಂಗಳೇಶ್ವರದಲ್ಲಿ ಸೇರಿದ್ದ ಕನ್ನಡದ ಹುಡುಗ ಹುಡುಗಿಯರ ಮುಂದೆ ಆಡಿದ ಮಾತಿನ ಬರಹರೂಪ)



ನನಗೆ ಕೊಟ್ಟಿರುವ ವಿಷಯ ಕೇಳಿ ಈ ಊರಿನ ಹಿರಿಯರೊಬ್ಬರು ನಕ್ಕರು. 'ಬಸವಣ್ಣನ ನೆಲಕ್ಕ ಬಂದು ರ‍್ಯಾಪಿನ ಮಾತಾಡ್ತೀರೇನ್ರಿ?' ಅಂದರು. ಆಡೋಣ, ತಪ್ಪೇನಿದೆ? ಬಸವಣ್ಣ ಹುಟ್ಟಿದ್ದು ಬಾಗೇವಾಡಿಯಲ್ಲೋ, ತಾಯಿ ಮಾದಲಾಂಬಿಕೆಯ ತವರಾದ ಈ ಇಂಗಳೇಶ್ವರದಲ್ಲೋ ಎಂಬ ಜಗಳಕ್ಕೆ ಮಾತ್ರ ನಾನು ಬರುವುದಿಲ್ಲ. ಎರಡೂ ಊರಿನವರು ಮುಂದೆ ಕೂತಿದ್ದೀರಿ, ನನಗೆ ಮಧ್ಯಾಹ್ನದ ಊಟ ಆಗಬೇಕು.

ಇನ್ನೊಂದು ಮಾತು. ಇತ್ತೀಚೆಗೆ ಕೆಲವರು 'ಬಸವಣ್ಣನೇ ಮೊದಲ ರ‍್ಯಾಪರ್' ಅಂತ ಹೇಳಿಕೊಂಡು ಓಡಾಡುತ್ತಿದ್ದಾರೆ. ದಯಮಾಡಿ ಅದನ್ನು ಬಿಡಿ. ವಚನಕ್ಕೆ ಅಮೆರಿಕದ ಸರ್ಟಿಫಿಕೇಟು ಬೇಕಾಗಿಲ್ಲ. ಬಸವಣ್ಣನಿಂದ ನಮಗೆ ಇವತ್ತು ಬೇಕಾದದ್ದು ಒಂದೇ ಸಂಗತಿ: ಹನ್ನೆರಡನೆಯ ಶತಮಾನದಲ್ಲಿ ದೊಡ್ಡ ಮಾತನ್ನೆಲ್ಲ ಸಂಸ್ಕೃತದಲ್ಲೇ ಆಡಬೇಕು ಅನ್ನುತ್ತಿದ್ದವರ ಎದುರು, ಅಂಗಳದಲ್ಲಿ ಆಡುವ ಕನ್ನಡದಲ್ಲೇ ಆಡಿದರೂ ನಡೆಯುತ್ತದೆ ಅಂತ ಅವರು ತೋರಿಸಿದರು. ಆ ಅಳತೆಗೋಲನ್ನು ಹಿಡಿದುಕೊಂಡು ನಮ್ಮ ಕಾಲದ ಒಬ್ಬ ಹಾಡುಗಾರನನ್ನು ನೋಡೋಣ.

ನೀವೆಲ್ಲ ಕೇಳುತ್ತಿರುವ ಪ್ರಶ್ನೆ ಇದು: ಚಂದನ್ ಶೆಟ್ಟಿ ಮೊದಲಿನ ಹಾಗೆ ಇದ್ದಾನಾ? ಹೊಸ ಹಾಡುಗಳಲ್ಲಿ ಹಳೆಯ ಕಸುವು ಇದೆಯಾ? ನಾನು ಏಕವಚನದಲ್ಲಿ ಕರೆಯುತ್ತಿದ್ದೇನೆ. ಸಿಟ್ಟಿನಿಂದಲ್ಲ, ಸಲುಗೆಯಿಂದ. ಕನ್ನಡದ ಹುಡುಗರು ತಮ್ಮವನೆಂದುಕೊಂಡವನನ್ನು ಯಾವತ್ತೂ ಬಹುವಚನದಲ್ಲಿ ಕರೆದಿಲ್ಲ.

ಮೊದಲು ಒಂದು ಸುಳ್ಳನ್ನು ಪಕ್ಕಕ್ಕಿಡೋಣ. 'ಹಳೆಯ ಚಂದನ್ ಅಚ್ಚ ಕನ್ನಡ, ಹೊಸ ಚಂದನ್ ಬರೀ ಇಂಗ್ಲಿಷು' ಅಂತ ನಮ್ಮವರೇ ಹೇಳುತ್ತಾರೆ. ಹೌದೇ? ಹಳೆಯ ಹಾಡುಗಳ ಹೆಸರು ನೋಡಿ: 'ತ್ರೀ ಪೆಗ್', 'ಚಾಕೊಲೇಟ್ ಗರ್ಲ್'. ಇದರಲ್ಲಿ ಅಚ್ಚ ಕನ್ನಡ ಎಲ್ಲಿಂದ ಬಂತು? ಕುಡಿತ, ಹುಡುಗಿ, ಪಾರ್ಟಿ ಆಗಲೂ ಇತ್ತು, ಈಗಲೂ ಇದೆ. ವಿಷಯ ನೋಡಿ ಅಳೆಯಲು ಹೊರಟರೆ ಎರಡೂ ತಕ್ಕಡಿ ಒಂದೇ ಮಟ್ಟಕ್ಕೆ ನಿಲ್ಲುತ್ತವೆ.

ವ್ಯತ್ಯಾಸ ಇರುವುದು ಬೇರೆ ಕಡೆ. 'ಹಾಳಾಗೋದೆ' ಎಂಬ ಹೆಸರನ್ನೇ ತೆಗೆದುಕೊಳ್ಳಿ. ಪಠ್ಯಪುಸ್ತಕದಲ್ಲಿ ನಾವು 'ಹಾಳಾಗಿ ಹೋದೆ' ಅಂತ ಬರೆಯುತ್ತೇವೆ. ಬಾಯಲ್ಲಿ ಅದು ಕುಗ್ಗಿ, ಒಂದರೊಳಗೊಂದು ಸೇರಿ, 'ಹಾಳಾಗೋದೆ' ಆಗುತ್ತದೆ. ಮಂಡ್ಯ, ಹಾಸನ, ಬೆಂಗಳೂರಿನ ಹುಡುಗ ಗೆಳೆಯನ ಹೆಗಲ ಮೇಲೆ ಕೈ ಹಾಕಿ ಹೇಳುವ ಮಾತು. ಹಾಸನ ಜಿಲ್ಲೆಯಿಂದ ಬಂದ ಈ ಹುಡುಗ, 2012ರ 'ಅಲೆಮಾರಿ' ಚಿತ್ರದ ಹೊತ್ತಿಗೆ ಅರ್ಜುನ್ ಜನ್ಯ ಅವರ ಕೈಕೆಳಗೆ ಕೆಲಸ ಮಾಡುತ್ತ ಹಾಡು ಬರೆಯತೊಡಗಿದವನು, ಬಾಯಿಮಾತನ್ನು ಸೋಸದೆ, ತಿದ್ದದೆ, ಹಾಗೇ ಎತ್ತಿ ತಾಳದ ಮೇಲೆ ಕೂರಿಸಿದ. ಅದು ತಾಳಕ್ಕೆ ಕೂತಿತು! ಇದು ಸಣ್ಣ ಕೆಲಸವಲ್ಲ.

ಯಾಕೆ ಸಣ್ಣದಲ್ಲ ಅಂದರೆ, ಆ ಹೊತ್ತಿನ ಬೆಂಗಳೂರನ್ನು ನೆನೆಯಬೇಕು. 2001ರಲ್ಲಿ ಖಾಸಗಿ ಎಫ್ಎಂ ಬಂದಾಗ ಕನ್ನಡನಾಡಿನ ರಾಜಧಾನಿಯ ಗಾಳಿಯಲ್ಲಿ ಹಿಂದಿ ಹಾಡು ತುಂಬಿಕೊಂಡಿತು. ಕನ್ನಡ ಹಾಡು ಹಾಕಿರೆಂದು ಕನ್ನಡಿಗರು ತಮ್ಮ ಊರಿನಲ್ಲೇ ಚಳವಳಿ ಮಾಡಬೇಕಾಯಿತು. ಪಬ್ಬುಗಳಲ್ಲಿ, ಕಾಲೇಜು ಹಬ್ಬಗಳಲ್ಲಿ ಪಂಜಾಬಿ, ಹಿಂದಿ, ಇಂಗ್ಲಿಷಿಗೆ ಕುಣಿಯಬೇಕು. 'ಒಂದು ಕನ್ನಡ ಹಾಕಪ್ಪಾ' ಅಂದರೆ ಡಿಜೆ ಹುಳ್ಳಗೆ ನಗುತ್ತಿದ್ದ. ಕನ್ನಡ ಅಂದರೆ ಭಾವಗೀತೆಗೆ, ಭಕ್ತಿಗೀತೆಗೆ, ನವೆಂಬರಿಗೆ ಮಾತ್ರ ಎಂಬ ಭಾವನೆ ನಮ್ಮ ಮಕ್ಕಳಲ್ಲೇ ಬೇರೂರಿತ್ತು. 'ತ್ರೀ ಪೆಗ್' ಬಂತು. ಅದೇ ಡಿಜೆ ಕೇಳಿದವರಿಗೂ ಕೇಳದವರಿಗೂ ಅದನ್ನು ಹಾಕಿದ. ಮದುವೆ ಮೆರವಣಿಗೆಯಲ್ಲಿ, ಗಣಪತಿ ಕಳಿಸುವಾಗ, ಆಟೋದಲ್ಲಿ, ಎಲ್ಲ ಕಡೆ. ಕುಡುಕನ ಹಾಡು ಅಂತ ಮೂಗು ಮುರಿದ ಹಿರಿಯರು ಒಂದನ್ನು ಗಮನಿಸಲಿಲ್ಲ: ಕುಣಿಯುವ ಜಾಗದಿಂದ ಕನ್ನಡವನ್ನು ಹೊರಗಿಟ್ಟಿದ್ದವರ ಬಾಗಿಲು ಆ ದಿನ ಮುರಿದಿತ್ತು. ಅದಕ್ಕೆ ನಾನು ಆತನಿಗೆ ಋಣಿ.

2018ರ ಜನವರಿಯಲ್ಲಿ ಬಿಗ್ ಬಾಸ್ ಕನ್ನಡದ ಐದನೆಯ ಆವೃತ್ತಿ ಗೆದ್ದ. ಆ ಮನೆಯೊಳಗೆ ಕೂತು, ಸಿಕ್ಕಿದ್ದನ್ನೇ ವಸ್ತು ಮಾಡಿಕೊಂಡು ಹಾಡು ಕಟ್ಟುತ್ತಿದ್ದದ್ದು ನಿಮಗೆ ನೆನಪಿರಬೇಕು. ಕಾರಿಲ್ಲ, ವಿದೇಶವಿಲ್ಲ, ಕುಣಿಯುವ ತಂಡವಿಲ್ಲ. ಬಾಯಿ ಇತ್ತು, ಕನ್ನಡ ಇತ್ತು. ನನ್ನ ಲೆಕ್ಕದಲ್ಲಿ ಚಂದನ್ ಶೆಟ್ಟಿಯ ಒಳ್ಳೆಯ ಕಾಲ ಅದು. ಹಾಡು ಗೆಲ್ಲಬೇಕಾದರೆ ಮಾತು ಗೆಲ್ಲಲೇಬೇಕು ಎಂಬ ಸ್ಥಿತಿ.

ಆಮೇಲೆ ಏನಾಯಿತು? ಮಾತಿನ ಕೆಲಸವನ್ನು ಬೇರೆಯವು ಮಾಡತೊಡಗಿದವು. 2020ರಲ್ಲಿ 'ಖರಾಬು' ಬಂತು, ಧ್ರುವ ಸರ್ಜಾರ 'ಪೊಗರು' ಚಿತ್ರದ್ದು. ಚಿತ್ರ ತೆರೆಗೆ ಬಂದದ್ದು 2021ರಲ್ಲಿ. ಯೂಟ್ಯೂಬಿನಲ್ಲಿ ಹತ್ತು ಕೋಟಿ ದಾಟಿ ಓಡಿತು. ಕನ್ನಡ ಗೊತ್ತಿಲ್ಲದವರೂ ಕುಣಿದರು. ಹೆಮ್ಮೆಯೇ, ಇಲ್ಲ ಅನ್ನುವುದಿಲ್ಲ. ಆದರೆ ಆ ಪದವನ್ನು ನೋಡಿ. ಖರಾಬು ಅನ್ನುವುದು ನಮ್ಮ ವಿಜಾಪುರದ ಕಡೆ ದಿನಾ ಬಾಯಲ್ಲಿರುವ ಮಾತು. 'ರಸ್ತಾ ಖರಾಬ್ ಆಗೈತಿ', 'ತಲಿ ಖರಾಬ್ ಮಾಡಬ್ಯಾಡ'. ಪಹಣಿಯಲ್ಲೂ ಇದೆ: ಉಳಲು ಬಾರದ ನೆಲಕ್ಕೆ ಖರಾಬು ಅಂತಲೇ ಬರೆಯುತ್ತಾರೆ. ಎಷ್ಟು ಅರ್ಥ ತುಂಬಿರುವ ಪದ! ಹಾಡಿನಲ್ಲಿ ಅದಕ್ಕೆ ಉಳಿದದ್ದು ಒಂದೇ ಅರ್ಥ: ನಾನು ಕೆಟ್ಟವನು, ನನ್ನ ಮುಂದೆ ಹೆಣ್ಣು ಹೆದರಬೇಕು. ಹಳೆಯ ಹಾಡಿನ ಹುಡುಗ ತನ್ನನ್ನೇ ಗೇಲಿ ಮಾಡಿಕೊಳ್ಳುತ್ತಿದ್ದ. ಹೊಸ ಹಾಡಿನವನು ಎದುರಿಗಿದ್ದವಳನ್ನು ಹೆದರಿಸುತ್ತಾನೆ. ತಂಗಿಯರೆ, ನೀವು ಇದಕ್ಕೆ ಕುಣಿಯಬೇಡಿ ಅಂತ ನಾನು ಹೇಳುವವನಲ್ಲ. ಆದರೆ ಆ ಹಾಡಿನೊಳಗೆ ನಿಮಗೆ ಕೊಟ್ಟಿರುವ ಜಾಗ ಯಾವುದು ಅಂತ ಒಮ್ಮೆ ನೋಡಿಕೊಳ್ಳಿ.

ಈಗ 'ಕೋಲುಮಂಡೆ'. ಇದರ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಇಡೀ ಪ್ರಶ್ನೆಯ ಗಂಟು ಇಲ್ಲಿದೆ. ಅದೇ 2020ರ ಆಗಸ್ಟಿನಲ್ಲಿ, ಮಲೆ ಮಾದಪ್ಪನ ಕಾವ್ಯದ ಹಾಡನ್ನು ತೆಗೆದುಕೊಂಡು ಚಂದನ್ ರ‍್ಯಾಪು ಮಾಡಿದ. ಮಾದಪ್ಪನ ಕತೆ ಗೊತ್ತಿಲ್ಲದ ಉತ್ತರದ ಗೆಳೆಯರಿಗೆ ಹೇಳುತ್ತೇನೆ. ಹೆಂಡತಿಯನ್ನು ನಂಬದ ಗಂಡ ನೀಲಯ್ಯ, ಒಂಟಿಯಾಗಿ ಉಳಿದ ಸಂಕಮ್ಮ, ಬಾಗಿಲಿಗೆ ಬಂದು ನಿಂತ ಜಂಗಮ. ಕಂಸಾಳೆಯವರು ಕಂಚಿನ ತಾಳ ಹಿಡಿದು ರಾತ್ರಿಯಿಡೀ ಹಾಡುವ ಕತೆ. ಸಂಕಮ್ಮನ ಸಂಕಟ ಬಂದಾಗ ಕೇಳುವ ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಾರೆ.

ಆಲೋಚನೆ ಎಷ್ಟು ಚೆನ್ನಾಗಿತ್ತು ನೋಡಿ! ಕನ್ನಡ ರ‍್ಯಾಪು ಪಂಜಾಬಿನ ಕಡೆ, ಅಮೆರಿಕದ ಕಡೆ ಕೈ ಚಾಚುವ ಬದಲು ಚಾಮರಾಜನಗರದ ಬೆಟ್ಟಕ್ಕೆ ಹೋಗಿತ್ತು. ಆದರೆ ದೃಶ್ಯದಲ್ಲಿ ಸಂಕಮ್ಮ ಸಿನಿಮಾದ ಕುಣಿತದ ಹುಡುಗಿಯಾದಳು. ಮಾದಪ್ಪನ ಒಕ್ಕಲು ಸಿಟ್ಟಿಗೆದ್ದಿತು. ಚಂದನ್ ಕ್ಷಮೆ ಕೇಳಿದ, ಹಾಡನ್ನು ಯೂಟ್ಯೂಬಿನಿಂದ ತೆಗೆದುಹಾಕಿದರು. ಸಿಟ್ಟಿನಲ್ಲಿ ನ್ಯಾಯ ಇತ್ತು. ಹಾಡಿಕೊಂಡು ಬಂದವರ ಕಣ್ಣಿಗೆ ಆಕೆ ಶರಣೆ. ಹಾಗೆ ನೋಡುವವರ ಎದುರು ಆಕೆಗೆ ಬೇರೆ ಬಟ್ಟೆ ತೊಡಿಸಿ ನಿಲ್ಲಿಸಿದರೆ ಅವರು ಸುಮ್ಮನಿರುತ್ತಾರೆಯೇ?

ನನ್ನ ದೂರು ಅದಲ್ಲ. ಕ್ಷಮೆ ಕೇಳಿದ ಮೇಲೆ ಎರಡನೆಯ ಸಲ ಹೋಗಬೇಕಿತ್ತು. ಕಂಸಾಳೆಯವರ ಜೊತೆ ಕೂತು, ಅವರನ್ನೇ ಮುಂದಿಟ್ಟುಕೊಂಡು, ಸಂಕಮ್ಮನ ಮಾತನ್ನು ಸಂಕಮ್ಮನ ಬಾಯಿಂದಲೇ ಆಡಿಸಿ ಇನ್ನೊಂದು ಹಾಡು ಮಾಡಬೇಕಿತ್ತು. ಅದರ ಬದಲು ನಮಗೆ ಸಿಕ್ಕಿದ್ದು 'ಲಕಲಕ ಲಂಬೋರ್ಗಿನಿ'! ರಚಿತಾ ರಾಮ್ ಇದ್ದಾರೆ, ಬಣ್ಣವಿದೆ, ಮಿಂಚಿದೆ, ಕಾರಿದೆ. ಕಾರಿನ ಕಂಪನಿ ಇಟಲಿಯದು, ಹಾಡಿನಲ್ಲಿ ಕೆಲಸ ಮಾಡುವುದೆಲ್ಲ ಆ ಹೆಸರೇ. ಕನ್ನಡ ಅದಕ್ಕೆ ಬಾಗಿಲು ತೆಗೆಯುವ ಡ್ರೈವರ್ ಆಗಿದೆ. ಆ ಹಾಡನ್ನು ನಾಳೆ ಹಿಂದಿಗೋ ತೆಲುಗಿಗೋ ಹೊರಳಿಸಿದರೆ ಏನೂ ಕಳೆಯುವುದಿಲ್ಲ. 'ಹಾಳಾಗೋದೆ' ಎಂಬ ಒಂದು ಮಾತನ್ನು ಹೊರಳಿಸಿ ನೋಡೋಣ? ಆಗುವುದಿಲ್ಲ. ನನ್ನ ತೀರ್ಪು ಇಷ್ಟೇ ಗೆಳೆಯರೆ: ಹೊಸ ಹಾಡು ಹಳೆಯದರ ಸಮಕ್ಕೆ ನಿಂತಿಲ್ಲ. ದನಿ ಪಳಗಿದೆ, ಸಂಗೀತದ ಕೈ ಪಳಗಿದೆ, ದುಡ್ಡು ಸುರಿದಿದೆ. ಕನ್ನಡಕ್ಕೆ ಮಾಡಲು ಕೆಲಸ ಉಳಿದಿಲ್ಲ.

ಇದು ಒಬ್ಬ ಚಂದನನ ಕತೆಯೂ ಅಲ್ಲ. ನ್ಯೂಯಾರ್ಕಿನ ಬಡವರ ವಸತಿಯಿಂದ ಬಂದ ನಾಸ್ ಎಂಬ ಹುಡುಗ 1994ರಲ್ಲಿ, ಇಪ್ಪತ್ತರ ವಯಸ್ಸಿನಲ್ಲಿ, 'ಇಲ್ಮ್ಯಾಟಿಕ್' ತಂದ. ಮುಂದೆ ಆತ ಏನೇ ಮಾಡಲಿ, 'ಮೊದಲಿನ ಹಾಗಿಲ್ಲ' ಅಂದರು ಜನ. ಮೊದಲ ಹಾಡಿನ ಹಿಂದೆ ಇಪ್ಪತ್ತು ವರ್ಷದ ಬದುಕು ಇರುತ್ತದೆ, ಎರಡನೆಯದರ ಹಿಂದೆ ಒಂದು ವರ್ಷದ ಕಾರ್ಯಕ್ರಮಗಳ ಪಟ್ಟಿ. ಆದರೆ ನಾಸ್ ಬಿಡಲಿಲ್ಲ. ಇಪ್ಪತ್ತೇಳು ವರ್ಷದ ಮೇಲೆ, 2021ರಲ್ಲಿ, ಗ್ರ್ಯಾಮಿ ಪಡೆದ. ಚಂದನ್ ಶೆಟ್ಟಿಯ ಬಾಗಿಲು ಮುಚ್ಚಿದೆ ಅಂತ ನಾನು ಹೇಳುವುದಿಲ್ಲ. ನಮ್ಮಲ್ಲೇ ಆಲ್ ಓಕೆ ಇದ್ದಾನಲ್ಲ, ಅಲೋಕ್. 'ಡೋಂಟ್ ವರಿ', 'ಹ್ಯಾಪಿ' ಅಂತ ಹೆಸರು ಇಂಗ್ಲಿಷಿನಲ್ಲಿಟ್ಟರೂ, ಸೋತ ಹುಡುಗನ ಬೆನ್ನು ತಟ್ಟುವ ಕೆಲಸವನ್ನು ಕನ್ನಡದಿಂದಲೇ ಮಾಡಿಸಿದ. ಹೆಸರು ಇಂಗ್ಲಿಷಾದರೂ ಒಳಗೆ ಕನ್ನಡ ದುಡಿಯಬಹುದು ಅನ್ನುವುದಕ್ಕೆ ಅದೇ ಸಾಕ್ಷಿ.

ಇನ್ನು ಈ ಜಿಲ್ಲೆಯ ಹುಡುಗರಿಗೆ ಒಂದು ಮಾತು. ರ‍್ಯಾಪಿನಲ್ಲಿ ಇಬ್ಬರು ಎದುರುಬದುರು ನಿಂತು ಮಾತಿನಲ್ಲೇ ಕೆಡವಿ ಹಾಕುವ ಪದ್ಧತಿ ಇದೆ, ನೀವು ಮೊಬೈಲಿನಲ್ಲಿ ನೋಡಿ ಬೆರಗಾಗುತ್ತೀರಿ. ನಿಮ್ಮ ಅಜ್ಜ ಬೆರಗಾಗುತ್ತಿರಲಿಲ್ಲ. ಜಾತ್ರೆಯಲ್ಲಿ ಹರದೇಶಿ, ನಾಗೇಶಿ ಅಂತ ಎರಡು ಮೇಳ. ಒಂದು ಗಂಡು ಹೆಚ್ಚು ಅನ್ನುತ್ತದೆ, ಇನ್ನೊಂದು ಹೆಣ್ಣು ಹೆಚ್ಚು ಅನ್ನುತ್ತದೆ. ಡಪ್ಪು, ತುಂತುಣಿ, ತಾಳ. ಸವಾಲಿಗೆ ಜವಾಬು ಕಟ್ಟದವನು ಸೋತ. ಬೆಳಗಿನ ತನಕ ಜನ ಎದ್ದು ಹೋಗುತ್ತಿರಲಿಲ್ಲ. ಗಮನಿಸಿ, ನಾಗೇಶಿ ಮೇಳದಲ್ಲಿ ಹೆಣ್ಣಿನ ಪರವಾಗಿ ವಾದ ಮಾಡುವ ಜಾಗ ಇತ್ತು; 'ಖರಾಬು'ವಿನಲ್ಲಿ ಆ ಜಾಗ ಇಲ್ಲ. ನಮ್ಮದೇ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತವರ ಗೆಳೆಯರು ಊರೂರು ಅಲೆದು ಈ ಹಾಡುಗಳನ್ನು ಬರೆದುಕೊಂಡರು. 1931ರಲ್ಲಿ 'ಗರತಿಯ ಹಾಡು', 1933ರಲ್ಲಿ ಲಾವಣಿಗಳ 'ಜೀವನ ಸಂಗೀತ' ಪುಸ್ತಕವಾದವು. ಓದು ಬರಹ ಕಲಿತವರು ಹಳ್ಳಿಯ ಹಾಡನ್ನು ಕೀಳು ಅನ್ನುತ್ತಿದ್ದ ಕಾಲವದು.

ಈಗ ಏನಾಗಿದೆ? ನಮ್ಮ ಹುಡುಗ ರ‍್ಯಾಪು ಬರೆಯಲು ಕೂತ ಕೂಡಲೇ ತನ್ನ ಮಾತನ್ನು ಬಿಟ್ಟು ಬೆಂಗಳೂರಿನ ಮಾತಿಗೆ ಹೊರಳುತ್ತಾನೆ. 'ಹೊಂಟೀನಿ' ಅನ್ನುವವನು 'ಹೋಗ್ತಾ ಇದೀನಿ ಬ್ರೋ' ಅನ್ನುತ್ತಾನೆ. ಸಿನಿಮಾದವರು ಉತ್ತರದ ಕನ್ನಡವನ್ನು ನಗಿಸಲು ಮಾತ್ರ ಬಳಸಿ ಬಳಸಿ, ಅದು ಸಿಟ್ಟಿಗೆ, ಪ್ರೀತಿಗೆ, ಸಾವಿಗೆ ಒದಗುವುದಿಲ್ಲ ಎಂದು ಇವನೂ ನಂಬಿದ್ದಾನೆ. ತಾಳ ಬಾರಿಸಿ ನೋಡು ತಮ್ಮಾ: 'ಹೊಂಟೀನಿ', 'ಬಂದೀನಿ', 'ನಿಂತೀನಿ'. ಎಷ್ಟು ಬಿಗಿ! ಒತ್ತು ತಾನಾಗಿ ಬೀಳುತ್ತದೆ. ಆದರೆ ಒಂದು ಎಚ್ಚರ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ಹಾಗಾಗಿ ಸಾಲಿನ ಕೊನೆಯ ಪ್ರಾಸ ಪುಕ್ಕಟೆ ಸಿಗುತ್ತದೆ. ಪುಕ್ಕಟೆ ಸಿಕ್ಕಿದ್ದನ್ನೇ ನೆಚ್ಚಿಕೊಂಡರೆ ಮೂರನೆಯ ಸಾಲಿಗೆ ಕೇಳುವವನು ಆಕಳಿಸುತ್ತಾನೆ. ನಮ್ಮ ಹಳೆಯ ಕವಿಗಳು ಪ್ರಾಸವನ್ನು ಸಾಲಿನ ಮೊದಲಲ್ಲಿ, ಎರಡನೆಯ ಅಕ್ಷರದಲ್ಲಿ ಇಡುತ್ತಿದ್ದರು. ಅದನ್ನೂ ಒಮ್ಮೆ ಪ್ರಯತ್ನಿಸಿ.

ಬೆಳಗ್ಗೆ ಮೂವರು ತಮ್ಮ ನೋಟುಬುಕ್ಕು ನನ್ನ ಕೈಗಿಟ್ಟರು, ಓದಿದೆ. ಮೊದಲನೆಯವನು ದುಬೈ, ಡಾಲರು, ಬಂಗಾರದ ಸರ ಅಂತ ಎರಡು ಪುಟ ತುಂಬಿಸಿದ್ದಾನೆ. ಅವನ ಚಪ್ಪಲಿಯ ಉಂಗುಷ್ಠಕ್ಕೆ ಪಿನ್ನು ಹಾಕಿದೆ. ಆ ಪಿನ್ನಿನ ಬಗ್ಗೆ ಬರಿ ಅಂದೆ, ಸಿಟ್ಟು ಮಾಡಿಕೊಂಡಿದ್ದಾನೆ. ಎರಡನೆಯವಳು ತೊಗರಿ ರಾಶಿ ಮುಗಿಸಿ ಗೋವಾಕ್ಕೆ ದುಡಿಯಲು ಹೋದ ಅಪ್ಪನಿಗೆ ಫೋನಿನಲ್ಲಿ ಮಾತಾಡಿದ ಹಾಗೆ ಬರೆದಿದ್ದಾಳೆ. ನಡುವೆ ಇರುವ ನಾಲ್ಕು ಇಂಗ್ಲಿಷ್ ಸಾಲು ತೆಗೆದರೆ ಸಾಕು, ಉಳಿದದ್ದಕ್ಕೆ ನಾನು ಕೈ ಹಚ್ಚಲಾರೆ. ಮೂರನೆಯವನು ಆಲಮಟ್ಟಿ ಕಡೆಯವನು. ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿದ ಅಜ್ಜಿಯ ಮನೆಯ ಕಟ್ಟೆ, ಬಾಗಿಲು, ಒಲೆ, ಬಾವಿ ಒಂದೊಂದನ್ನೇ ಹೆಸರು ಹಿಡಿದು ಕರೆದಿದ್ದಾನೆ, ಈ ಕಡೆಯ ಮಾತಿನಲ್ಲೇ. ಪ್ರಾಸ ಎರಡು ಕಡೆ ತಪ್ಪಿದೆ. ತಪ್ಪಲಿ ಬಿಡಪ್ಪಾ. ಆ ಹಲಗಿ ಯಾರ ಹತ್ತಿರ ಇದೆ? ಅವನಿಗೆ ಕೊಡಿ, ನಾನು ಕೆಳಗೆ ಕೂಡುತ್ತೇನೆ. ಮೈಕು ಸ್ವಲ್ಪ ಇಳಿಸಿರಿ, ಹುಡುಗ ಗಿಡ್ಡ ಇದ್ದಾನೆ.