ಅಪ್ಪ ಕೇಳೋ ಆವರೇಜು, ಸರ್ಕಾರ ಕೇಳೋ ಆವರೇಜು

ನಾನು ಹುಬ್ಬಳ್ಳಿಯವನು, ಪುಣೆಗೆ ಬಂದು ಹತ್ತು ವರ್ಷದ ಮೇಲಾಯ್ತು. ಕೆಲಸ ಸಾಫ್ಟ್‌ವೇರ್, ಹುಚ್ಚು ಕಾರಿನದು. ಇದೇ ಹುಚ್ಚಿರೋ ನಾವು ಆರೇಳು ಜನ ತಿಂಗಳಿಗೊಂದು ಭಾನುವಾರ ನಸುಕಿನಲ್ಲಿ ಎದ್ದು ತಾಮ್ಹಿಣಿ ಘಾಟ್ ಕಡೆ ಗಾಡಿ ಓಡಿಸ್ತೀವಿ. ದಾರಿಯಲ್ಲೊಂದು ಚಹಾದ ಟಪರಿ. ಅಲ್ಲಿ ಕೂತರೆ ಜಗಳ ಶುರು. 2025ರ ಸೆಪ್ಟೆಂಬರ್‌ನಿಂದ ಈಚೆಗೆ ಆ ಜಗಳದ ವಿಷಯ ಒಂದೇ: ಕೆಫೆ. ಕಾಫಿ ಕುಡಿಯೋ ಕೆಫೆ ಅಲ್ಲ, ಕಾರ್ಪೊರೇಟ್ ಆವರೇಜ್ ಫ್ಯುಯೆಲ್ ಎಫಿಶಿಯೆನ್ಸಿ. ಕಾರು ಕಂಪನಿಗಳಿಗೆ ಸರ್ಕಾರ ಹಾಕಿರೋ ಇಂಧನ ಮಿತಿ. ಅದರ ಮೂರನೇ ಹಂತದ ಹೊಸ ಕರಡು ಆ ತಿಂಗಳು ಹೊರಬಂತು.

ನಮ್ಮಲ್ಲಿ ಮೂರು ಪಕ್ಷ. ಒಬ್ಬ ಹೇಳ್ತಾನೆ, "ಸರ್ಕಾರಕ್ಕೆ ಎಂಜಿನ್ ಕಂಡ್ರೆ ಆಗಲ್ಲ. ಡೀಸೆಲ್ ಮುಗಿಸಿದರು, ಈಗ ಪೆಟ್ರೋಲ್ ಸರದಿ." ಸಣ್ಣ ಹ್ಯಾಚ್‌ಬ್ಯಾಕ್ ಇಟ್ಟವನು, "ನಿಮ್ಮ ಎಸ್‌ಯುವಿ ಭಾರಕ್ಕೆ ನನ್ನ ಕಾರು ಯಾಕೆ ದಂಡ ಕಟ್ಟಬೇಕು?" ಅಂತಾನೆ. ಎಲೆಕ್ಟ್ರಿಕ್ ತಗೊಂಡವನು, "ನಿಮ್ಮ ಜಗಳ ಮುಗಿದಾಗ ನನ್ನ ಎಬ್ಬಿಸಿ" ಅಂತ ಕಣ್ಣು ಮುಚ್ಚಿ ಕೂರ್ತಾನೆ. ನಾನು ಬಹಳ ದಿನ ಮೊದಲನೆಯವನ ಪಕ್ಷ. ಅದೂ ಜೋರು ದನಿಯಲ್ಲಿ. ನಾನು ಎಲ್ಲಿ ತಪ್ಪಿದ್ದೆ, ಈಗ ನನಗೆ ಏನು ಅನ್ನಿಸ್ತದೆ, ಅಷ್ಟೇ ಇವತ್ತಿನ ಮಾತು.

ಮೊದಲು ಒಂದು ಶಬ್ದ. ಬೆಂಗಳೂರಿನವರು "ಮೈಲೇಜ್ ಎಷ್ಟು?" ಅಂತ ಕೇಳ್ತಾರೆ. ನಮ್ಮ ಹುಬ್ಬಳ್ಳಿ ಕಡೆ, ಇಲ್ಲಿ ಪುಣೆಯಲ್ಲಿ ಕೂಡ, ಕೇಳೋದು "ಆವರೇಜ್ ಎಷ್ಟು?" ಅಂತ. ಹೊಸ ಎಸ್‌ಯುವಿ ತಗೊಂಡು ಊರಿಗೆ ಹೋದಾಗ ಅಪ್ಪ ಸನ್‌ರೂಫ್ ನೋಡಲಿಲ್ಲ, ಸ್ಕ್ರೀನ್ ನೋಡಲಿಲ್ಲ. ಒಂದು ಸುತ್ತು ಹಾಕಿ ಕೇಳಿದರು, "ಆವರೇಜ್ ಎಷ್ಟ್ ಕೊಡತೈತಿ?" "ಹನ್ನೆರಡು, ಹದಿಮೂರು" ಅಂದೆ. "ಇಷ್ಟ್ ದೊಡ್ಡ ಗಾಡ್ಯಾಗ ಒಬ್ಬನ ಕುಂತು ಆಫೀಸಿಗೆ ಹೊಕ್ಕೀ ಏನು?" ಅಂದರು. ನಾನು ಮಾತು ಬದಲಿಸಿದೆ.

ಅಪ್ಪ ಕೇಳಿದ ಆವರೇಜು ಒಂದು ಗಾಡಿಯದು. ಸರ್ಕಾರ ಕೇಳೋ ಆವರೇಜು ಬೇರೆ. ಒಂದು ಕಂಪನಿ ಒಂದು ವರ್ಷದಲ್ಲಿ ಮಾರಿದ ಎಲ್ಲಾ ಕಾರುಗಳನ್ನ, ಯಾವುದು ಎಷ್ಟು ಮಾರಾಟ ಆಯ್ತು ಅನ್ನೋದರ ಮೇಲೆ ತೂಗಿ, ಸರಾಸರಿ ತೆಗೀತಾರೆ. ಲೆಕ್ಕ ಕೊಡಬೇಕಾದದ್ದು ಕಂಪನಿ. ನಿಮ್ಮ ಒಂದು ಕಾರು ಮಿತಿಗಿಂತ ಜಾಸ್ತಿ ಕುಡಿದರೂ ಕಾನೂನು ಅದನ್ನ ನಿಲ್ಲಿಸೋದಿಲ್ಲ. ಅದೇ ಕಂಪನಿಯ ಬೇರೆ ಕಾರು ಕಡಿಮೆ ಕುಡಿದು ಸರಿದೂಗಿಸಬೇಕು, ಅಷ್ಟೇ. ಹಾಗಾಗಿ "ನನ್ನ ಎಂಜಿನ್ ನಿಷೇಧ ಮಾಡ್ತಾರೆ" ಅನ್ನೋ ನಮ್ಮ ಟಪರಿ ಭಯಕ್ಕೆ ಈ ನಿಯಮದಲ್ಲಿ ಆಧಾರ ಇಲ್ಲ.

ಡೀಸೆಲ್ ವಿಷಯದಲ್ಲಂತೂ ನಾನು ಪೂರ್ತಿ ತಪ್ಪು. 1.3 ಲೀಟರ್‌ನಂಥ ಸಣ್ಣ ಡೀಸೆಲ್‌ಗಳು ಮಾಯವಾಗಿದ್ದು 2020ರ ಏಪ್ರಿಲ್ 1ರಿಂದ ಬಿಎಸ್ 6 ಬಂದ ಸುಮಾರಿಗೆ. ಬಿಎಸ್ ನಿಯಮ ನೋಡೋದು ಹೊಗೆಯಲ್ಲಿರೋ ವಿಷವನ್ನ: ನೈಟ್ರೋಜನ್ ಆಕ್ಸೈಡು, ಮಸಿ ಕಣ. ಅದನ್ನ ಸೋಸೋ ಸಾಮಾನಿನ ಖರ್ಚು ಸಣ್ಣ ಕಾರಿಗೆ ತಡೆಯಲಿಲ್ಲ. ಕೆಫೆ ನೋಡೋದು ಎಷ್ಟು ಇಂಧನ ಸುಟ್ಟಿರಿ, ಎಷ್ಟು ಇಂಗಾಲದ ಡೈಆಕ್ಸೈಡ್ ಬಂತು ಅನ್ನೋದನ್ನ. ಆ ಲೆಕ್ಕದಲ್ಲಿ ಡೀಸೆಲ್ ಕಂಪನಿಗೆ ಸಹಾಯವನ್ನೇ ಮಾಡ್ತಿತ್ತು. ಎರಡು ಬೇರೆ ಕಾನೂನು, ಎರಡು ಬೇರೆ ಉದ್ದೇಶ. ನಾನು ಎರಡನ್ನೂ ಕಲಸಿ ವರ್ಷಗಟ್ಟಲೆ ಭಾಷಣ ಬಿಗಿದಿದ್ದೆ.

ಈಗ ಸಂಖ್ಯೆಗಳಿಗೆ ಬರೋಣ. ಮೊದಲ ಹಂತ 2017-18ರಲ್ಲಿ ಶುರುವಾಯ್ತು. 100 ಕಿ.ಮೀ.ಗೆ ಸುಮಾರು 5.49 ಲೀಟರ್, ಅಂದರೆ ಕಿ.ಮೀ.ಗೆ 130 ಗ್ರಾಂ ಇಂಗಾಲದ ಡೈಆಕ್ಸೈಡ್. ಎರಡನೇ ಹಂತ 2022-23ರಿಂದ: 4.77 ಲೀಟರ್, 113 ಗ್ರಾಂ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಲೀಟರಿಗೆ 18ರಿಂದ 21ಕ್ಕೆ ಬಂದ ಹಾಗೆ. 2025ರ ಕರಡಿನಲ್ಲಿ 2027-28ಕ್ಕೆ 3.73 ಲೀಟರ್, 2031-32ರ ಹೊತ್ತಿಗೆ 3.01 ಲೀಟರ್. ಅಂದರೆ 27ರಿಂದ 33 ಕಿ.ಮೀ. ಇವೆಲ್ಲ ಪೆಟ್ರೋಲ್ ಲೆಕ್ಕಕ್ಕೆ ತಂದ ಪ್ರಯೋಗಾಲಯದ ಸಂಖ್ಯೆಗಳು ಅನ್ನೋದು ನೆನಪಿರಲಿ.

ತಪ್ಪಿದರೆ? 2022ರಲ್ಲಿ ಇಂಧನ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿ ಆಯ್ತು. ಮಿತಿಗಿಂತ 0.2 ಲೀಟರ್ ತನಕ ಜಾಸ್ತಿಯಾದರೆ ಮಾರಿದ ಒಂದೊಂದು ಕಾರಿಗೂ 25,000 ರೂಪಾಯಿ ದಂಡ, ಅದರ ಮೇಲೆ ಹೋದರೆ 50,000. ವರ್ಷಕ್ಕೆ 5 ಲಕ್ಷ ಕಾರು ಮಾರೋ ಕಂಪನಿಗೆ ಮೊದಲನೇ ದರದಲ್ಲೇ 1,250 ಕೋಟಿ. ಕಂಪನಿಗಳ ನಡುವೆ ಇಷ್ಟು ಜಗಳ ಯಾಕೆ ಅಂತ ಈಗ ಗೊತ್ತಾಯ್ತಲ್ಲ.

ಆ ಜಗಳದ ಮೂಲ ಒಂದು ಗೆರೆ. ಗುರಿ ಎಲ್ಲ ಕಂಪನಿಗೂ ಒಂದೇ ಅಲ್ಲ, ಮಾರಿದ ಕಾರುಗಳ ಸರಾಸರಿ ತೂಕದ ಮೇಲೆ ಬದಲಾಗ್ತದೆ. ಭಾರ ಜಾಸ್ತಿ ಇದ್ದರೆ ಗುರಿ ಸಡಿಲ. ಶಾಲೆಯಲ್ಲಿ ಗ್ರಾಫ್ ಹಾಳೆ ಮೇಲೆ ಎಳೀತಿದ್ದೆವಲ್ಲ, ಹಾಗೇ ಒಂದು ಓರೆ ಗೆರೆ. ಕರಡಿನ ಪ್ರಕಾರ 100 ಕೆ.ಜಿ. ಹೆಚ್ಚಾದರೆ 100 ಕಿ.ಮೀ.ಗೆ 0.2 ಲೀಟರ್ ರಿಯಾಯಿತಿ. ಗೆರೆಯ ನಡುಬಿಂದು 1,170 ಕೆ.ಜಿ. ಲೆಕ್ಕ ಹಾಕಿ ನೋಡಿ: 2027-28ರಲ್ಲಿ ಸರಾಸರಿ 970 ಕೆ.ಜಿ. ಕಾರು ಮಾರೋ ಕಂಪನಿ ಲೀಟರಿಗೆ 30 ಕಿ.ಮೀ. ಮುಟ್ಟಬೇಕು. 1,370 ಕೆ.ಜಿ. ಕಾರು ಮಾರೋ ಕಂಪನಿಗೆ 24 ಸಾಕು.

ನಮ್ಮ ಹ್ಯಾಚ್‌ಬ್ಯಾಕ್ ಗೆಳೆಯನಿಗೆ ಸಿಟ್ಟು ಬರೋದು ಇಲ್ಲೇ. "ಕಡಿಮೆ ಪೆಟ್ರೋಲ್ ಕುಡಿಯೋ ಕಾರಿಗೆ ಪರೀಕ್ಷೆ ಕಷ್ಟ, ಜಾಸ್ತಿ ಕುಡಿಯೋದಕ್ಕೆ ಸುಲಭ. ಇದ್ಯಾವ ನ್ಯಾಯ?" ಅವನ ಮಾತಲ್ಲಿ ಹುರುಳಿದೆ. ತೂಕ ಎಷ್ಟು ಇಳಿಸಿದರೂ ಎಂಜಿನ್ನಿನ ಒಳಗಿನ ಘರ್ಷಣೆ, ಗಾಳಿಯ ತಡೆ, ಸಿಗ್ನಲ್‌ನಲ್ಲಿ ನಿಂತು ಸುಡೋ ಪೆಟ್ರೋಲು ಅದೇ ಪ್ರಮಾಣದಲ್ಲಿ ಇಳಿಯೋದಿಲ್ಲ. ಮೊದಲೇ ಹಗುರ ಇರೋ ಕಾರಿನಲ್ಲಿ ಇನ್ನಷ್ಟು ಉಳಿಸೋಕೆ ಹೈಬ್ರಿಡ್ ಮೋಟಾರು ಹಾಕಬೇಕಾಗ್ತದೆ, ಅದರ ಬೆಲೆ ಸಣ್ಣ ಕಾರಿಗೆ ತಡೆಯೋದಿಲ್ಲ. ಸ್ಕೂಟರ್ ಮೇಲೆ ಹೆಂಡತಿ, ಎರಡು ಮಕ್ಕಳನ್ನ ಕೂರಿಸಿಕೊಂಡು ಹೋಗೋ ಮನುಷ್ಯ ಮೊದಲ ಕಾರು ಕೊಳ್ಳೋದು ಇನ್ನೂ ಐದು ವರ್ಷ ಮುಂದೆ ಹೋಗ್ತದೆ.

ಅದಕ್ಕೇ ಆ ಕರಡಿನಲ್ಲಿ ಒಂದು ವಿನಾಯಿತಿ ಇತ್ತು. 909 ಕೆ.ಜಿ. ಒಳಗಿನ ತೂಕ, 1,200 ಸಿಸಿ ಒಳಗಿನ ಎಂಜಿನ್, 4 ಮೀಟರ್ ಒಳಗಿನ ಉದ್ದ ಇರೋ ಪೆಟ್ರೋಲ್ ಕಾರಿಗೆ 3 ಗ್ರಾಂ ಕಡಿತ. ಇದರ ಮೇಲೆ ಕಂಪನಿಗಳೇ ಎರಡು ಪಾಳಿಯಾದವು. ಸಣ್ಣ ಕಾರು ಜಾಸ್ತಿ ಮಾರೋರು ಬೇಕು ಅಂದರು. ಉಳಿದವರು, ಒಬ್ಬರಿಗಷ್ಟೇ ಲಾಭ ಆಗ್ತದೆ, ತೂಕ ಇಳಿಸೋ ಆಸೆಗೆ ಸುರಕ್ಷತೆ ಹಿಂದೆ ಬೀಳ್ತದೆ ಅಂದರು.

ನನಗೆ ಈ 909 ಅನ್ನೋ ಸಂಖ್ಯೆ ನೋಡಿದಾಗ ಹೆದರಿಕೆ ಆಯ್ತು. ನಾವು ಸಾಫ್ಟ್‌ವೇರ್‌ನವರಿಗೆ ಇದರ ಅನುಭವ ಚೆನ್ನಾಗಿದೆ. ಟೆಸ್ಟ್‌ನಲ್ಲಿ ಒಂದು ಮಿತಿ ಬರೆದರೆ, ಜನ ಕೋಡ್ ಬರೆಯೋದು ಆ ಮಿತಿ ದಾಟೋಕಷ್ಟೇ. ಕಾರಿನಲ್ಲೂ ಹಾಗೇ ಆಗಿದೆ. 2006ರ ಬಜೆಟ್‌ನಲ್ಲಿ 4 ಮೀಟರ್ ಒಳಗಿನ ಸಣ್ಣ ಕಾರಿಗೆ ಅಬಕಾರಿ ಸುಂಕ 24ರಿಂದ 16 ಪರ್ಸೆಂಟಿಗೆ ಇಳೀತು. ಆಮೇಲೆ ಏನಾಯ್ತು? ಡಿಕ್ಕಿ ಕತ್ತರಿಸಿದ ಸೆಡಾನ್‌ಗಳು ಬಂದವು. ಹಿಂದಿನಿಂದ ಯಾರೋ ಗುದ್ದಿ ಒಳಗೆ ತಳ್ಳಿದ ಹಾಗೆ ಕಾಣೋ ಆ ಕಾರುಗಳನ್ನ ಬರೆದದ್ದು ಡಿಸೈನರ್ ಅಲ್ಲ, ಸುಂಕದ ಪಟ್ಟಿ. ಅಮೆರಿಕದ ಕಥೆ ಇದಕ್ಕಿಂತ ದೊಡ್ಡದು. 1973ರ ತೈಲ ಬಿಕ್ಕಟ್ಟಿನ ನಂತರ 1975ರಲ್ಲಿ ಅವರು ಈ ಕೆಫೆ ಕಾನೂನು ತಂದರು. ಆದರೆ ಕಾರಿಗೆ ಒಂದು ಮಿತಿ, ಸಣ್ಣ ಟ್ರಕ್ಕಿಗೆ ಇನ್ನೊಂದು ಸಡಿಲ ಮಿತಿ ಅಂತ ಗೆರೆ ಎಳೆದರು. ಎಸ್‌ಯುವಿಗಳು ಟ್ರಕ್ಕಿನ ಸಾಲಿಗೆ ಸೇರಿದವು. ಕ್ರೈಸ್ಲರ್‌ನ ಪಿಟಿ ಕ್ರೂಸರ್‌ನಂಥ ಮುದ್ದಾದ ಕುಟುಂಬದ ಕಾರೂ ಆ ಲೆಕ್ಕದಲ್ಲಿ ಟ್ರಕ್! ಕೊನೆಗೆ 2025ರಲ್ಲಿ ಅಲ್ಲಿ ದಂಡವನ್ನೇ ಸೊನ್ನೆ ಮಾಡಿದರು. ಈಗ ಕಾನೂನು ಇದೆ, ಹಲ್ಲು ಇಲ್ಲ.

ಇನ್ನೊಂದು ಮಾತು, ಇದು ನಮ್ಮಂಥ ಕಾರು ಹುಚ್ಚರಿಗೆ. ಲೀಟರಿಗೆ ಎಷ್ಟು ಕಿಲೋಮೀಟರ್ ಅಂತ ಯೋಚನೆ ಮಾಡೋದೇ ನಮ್ಮ ದಾರಿ ತಪ್ಪಿಸ್ತದೆ. ಒಂದು ಪ್ರಶ್ನೆ: 20 ಕೊಡೋ ಕಾರನ್ನ 25ಕ್ಕೆ ಏರಿಸೋದು ದೊಡ್ಡದಾ, 10 ಕೊಡೋದನ್ನ 12ಕ್ಕೆ ಏರಿಸೋದು ದೊಡ್ಡದಾ? ಎಲ್ಲರೂ ಮೊದಲನೇದು ಅಂತಾರೆ. ಸಾವಿರ ಕಿ.ಮೀ. ಓಡಿಸಿ ನೋಡಿ. ಮೊದಲನೇದು 50 ಲೀಟರ್‌ನಿಂದ 40ಕ್ಕೆ ಬಂತು, ಉಳಿದದ್ದು 10. ಎರಡನೇದು 100ರಿಂದ 83ಕ್ಕೆ ಬಂತು, ಉಳಿದದ್ದು 17. ನಾವು 85 ಪರ್ಸೆಂಟಿಗಿಂತ ಜಾಸ್ತಿ ಕಚ್ಚಾ ತೈಲ ಹೊರಗಿನಿಂದ ತರೋ ದೇಶ. ದೇಶದ ಲೆಕ್ಕದಲ್ಲಿ ಹೆಚ್ಚು ಉಳಿತಾಯ ಸಿಗೋದು ನನ್ನಂಥವನ 12 ಕೊಡೋ ಗಾಡಿಯಲ್ಲಿ, ಅಪ್ಪನ ಸಣ್ಣ ಕಾರಿನಲ್ಲಿ ಅಲ್ಲ. ಈ ಲೆಕ್ಕ ಮಾಡಿದ ದಿನ ನಾನು ಪಕ್ಷ ಬದಲಿಸಿದೆ.

ಹಾಗಾದರೆ ನನ್ನ ನಿಲುವು ಏನು? ಎರಡು ಮಾತು.

ಒಂದು, 909ರಂಥ ಕತ್ತರಿ ಗೆರೆ ಬೇಡ. ಓರೆ ಗೆರೆಯನ್ನೇ ಇನ್ನಷ್ಟು ಚಪ್ಪಟೆ ಮಾಡಿ. ಮೊದಲ ಹಂತದಲ್ಲಿ 100 ಕೆ.ಜಿ.ಗೆ 0.24 ಲೀಟರ್ ಇದ್ದದ್ದು ಆಗಲೇ 0.2ಕ್ಕೆ ಬಂದಿದೆ. ಇನ್ನೂ ಇಳಿಸಿದರೆ ಭಾರಕ್ಕೆ ಸಿಗೋ ರಿಯಾಯಿತಿ ಕಡಿಮೆ ಆಗ್ತದೆ, ಹಗುರ ಕಾರಿಗೆ ತಾನಾಗಿ ಉಸಿರಾಡೋಕೆ ಜಾಗ ಸಿಗ್ತದೆ. 908 ಕೆ.ಜಿ. ಕಾರಿಗೆ ಬಹುಮಾನ, ಎರಡು ಕೆ.ಜಿ. ಗಟ್ಟಿ ಉಕ್ಕು ಸೇರಿಸಿದ 910ಕ್ಕೆ ಶಿಕ್ಷೆ ಅನ್ನೋ ಪರಿಸ್ಥಿತಿ ಬರೋದಿಲ್ಲ.

ಎರಡು, ರಸ್ತೆಯ ಮೇಲಿನ ಸತ್ಯ ಅಳೆಯಿರಿ. ನಮ್ಮ ಈಗಿನ ಪರೀಕ್ಷೆ ಸುಮಾರು 20 ನಿಮಿಷದ್ದು. ರೋಲರ್ ಮೇಲೆ, ಎಸಿ ಬಂದ್ ಮಾಡಿ, ಗಂಟೆಗೆ 90 ಕಿ.ಮೀ. ದಾಟದೆ. ಮೇ ತಿಂಗಳ ಹಿಂಜವಡಿ ಟ್ರಾಫಿಕ್‌ನಲ್ಲಿ ಎಸಿ ಇಲ್ಲದೆ ಕೂತಿದ್ದವರು ಯಾರಾದರೂ ಇದ್ದರೆ ಕೈ ಎತ್ತಿ. ಅದಕ್ಕೇ ಸಣ್ಣ ಟರ್ಬೊ ಎಂಜಿನ್ ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸು, ಘಾಟ್ ಏರುವಾಗ ಕುಡುಕ. ಯುರೋಪಿನಲ್ಲಿ 2021ರಿಂದ ಹೊಸ ಕಾರುಗಳೇ ತಾವು ಸುಟ್ಟ ಇಂಧನದ ಲೆಕ್ಕ ಇಟ್ಟುಕೊಳ್ತವೆ. ಅದನ್ನ ಒಟ್ಟುಗೂಡಿಸಿ 2024ರಲ್ಲಿ ಯುರೋಪಿಯನ್ ಕಮಿಷನ್ ವರದಿ ಕೊಟ್ಟಿತು. ಪೆಟ್ರೋಲ್, ಡೀಸೆಲ್ ಕಾರು ರಸ್ತೆಯಲ್ಲಿ ಸುಮಾರು 20 ಪರ್ಸೆಂಟ್ ಜಾಸ್ತಿ ಕುಡೀತಿದ್ದವು. ಪ್ಲಗ್ ಹಾಕಿ ಚಾರ್ಜ್ ಮಾಡೋ ಹೈಬ್ರಿಡ್‌ಗಳು ಹೇಳಿದ್ದಕ್ಕಿಂತ ಸುಮಾರು ಮೂರೂವರೆ ಪಟ್ಟು, ಯಾಕಂದರೆ ಜನ ಅಂದುಕೊಂಡಷ್ಟು ಚಾರ್ಜ್ ಮಾಡ್ತಿರಲಿಲ್ಲ. ನಮ್ಮ ಕೆಫೆ ಲೆಕ್ಕದಲ್ಲಿ ಅಂಥ ಒಂದು ಹೈಬ್ರಿಡ್‌ನ ಎರಡೂವರೆ ಕಾರು ಅಂತ, ಒಂದು ಎಲೆಕ್ಟ್ರಿಕ್‌ನ ಮೂರು ಅಂತ ಎಣಿಸ್ತಾರೆ. ಹೊಸ ತಂತ್ರಜ್ಞಾನಕ್ಕೆ ಪ್ರೋತ್ಸಾಹ ಕೊಡಲಿ, ಬೇಡ ಅನ್ನಲ್ಲ. ಆದರೆ ಪ್ರೊಡಕ್ಷನ್‌ನಲ್ಲಿ ಏನಾಗ್ತಿದೆ ಅಂತ ನೋಡದೆ ಟೆಸ್ಟ್ ಪಾಸ್ ಆಯ್ತು ಅಂತ ಪಾರ್ಟಿ ಮಾಡೋ ಟೀಮು ನಮ್ಮಲ್ಲಿ ಯಾರಿಗೂ ಇಷ್ಟ ಆಗೋದಿಲ್ಲ.

ಟಪರಿಯಲ್ಲಿ ಇದನ್ನೆಲ್ಲ ಹೇಳಿದೆ. ಡೀಸೆಲ್ ಗೆಳೆಯ ಇನ್ನೂ ಒಪ್ಪಿಲ್ಲ. "ಮೊದಲು ನಿನ್ನ ಎಸ್‌ಯುವಿ ಮಾರು, ಆಮೇಲೆ ಪಾಠ ಮಾಡು" ಅಂದ. ಅವನಿಗೆ ಉತ್ತರ ಕೊಡೋಕೆ ನನ್ನ ಹತ್ತಿರ ಏನೂ ಇರಲಿಲ್ಲ. ಗಾಡಿ ಇನ್ನೂ ಮಾರಿಲ್ಲ, ಘಾಟ್‌ನಲ್ಲಿ ಅದನ್ನ ಓಡಿಸೋ ಖುಷಿಯೂ ಕಡಿಮೆ ಆಗಿಲ್ಲ. ಆದರೆ ವಾರದ ಐದು ದಿನ ಆಫೀಸಿಗೆ ಈಗ ನಾವು ಮೂರು ಜನ ಸೇರಿ ಒಂದೇ ಗಾಡಿಯಲ್ಲಿ ಹೋಗ್ತೀವಿ. ನಿಯಮ ಕಂಪನಿಯ ಸರಾಸರಿ ನೋಡಿಕೊಳ್ಳಲಿ, ನನ್ನ ಮನೆಯ ಸರಾಸರಿ ನಾನೇ ನೋಡಬೇಕಲ್ಲ.

ಮೊನ್ನೆ ಫೋನಿನಲ್ಲಿ ಅಪ್ಪನಿಗೆ ಹೇಳಿದೆ, "ಮೂರು ಮಂದಿ ಕೂಡಿ ಹೋಗ್ತೀವಿ ಅಪ್ಪಾ." ಒಂದು ಕ್ಷಣ ಸುಮ್ಮನಿದ್ದು ಅಂದರು, "ಹಂಗಾರ ಆವರೇಜ್ ಮೂವತ್ತೊಂಬತ್ತು ಆತಲ್ಲೋ."

ಎಂಟೆಕ್ ಮಾಡಿದ್ದು ನಾನು. ಲೆಕ್ಕ ಅವರದ್ದೇ ಚೊಲೋ ಇತ್ತು.